ದ್ವೀಪದಿಂದ ವಿಮಾನ ತಡವಾದಾಗ ಪರಿಹಾರ ಕೇಳುವ ಬಗೆ: ಜರ್ಮನಿಗೆ ಹೊಸದಾಗಿ ಬಂದವರಿಗೆ

ಜರ್ಮನಿಗೆ ಬಂದ ಮೊದಲ ಬೇಸಿಗೆಯಲ್ಲೇ ನಮ್ಮ ಅನೇಕ ಕುಟುಂಬಗಳು ಗ್ರೀಸ್‌ನ ಯಾವುದಾದರೊಂದು ದ್ವೀಪಕ್ಕೆ ಹೋಗಿಬರುತ್ತವೆ. ಸ್ಕಿಯಾಥೋಸ್, ಸಾಮೋಸ್, ಕೆಫಲೋನಿಯಾದಂಥ ಕಡೆ ನಿಲ್ದಾಣಗಳು ಚಿಕ್ಕವು. ಜರ್ಮನಿಗೆ ನೇರ ವಿಮಾನಗಳು ಮುಖ್ಯವಾಗಿ ಬೇಸಿಗೆಯಲ್ಲಿ, ಅದೂ ಹಲವು ಊರುಗಳಿಗೆ ವಾರಕ್ಕೆ ಒಂದೆರಡು ದಿನ. ಹಿಂತಿರುಗುವ ವಿಮಾನ ನಾಲ್ಕೈದು ಗಂಟೆ ತಡವಾದರೆ ಹೆಚ್ಚಿನವರು ಸುಮ್ಮನೆ ಮನೆಗೆ ಬಂದುಬಿಡುತ್ತಾರೆ. ‘ನಮ್ಮದು ಭಾರತದ ಪಾಸ್‌ಪೋರ್ಟ್, ದೂರು ಕೊಟ್ಟರೆ ವೀಸಾಕ್ಕೆ ತೊಂದರೆಯಾದೀತು’ ಎಂಬ ಅಳುಕಿನ ಮಾತನ್ನು ಹೊಸಬರಿಂದ ಮತ್ತೆ ಮತ್ತೆ ಕೇಳಿದ್ದೇನೆ. ಆ ಅಳುಕು ಬೇಡ. ಇದು ಪ್ರಯಾಣಿಕರಿಗೂ ವಿಮಾನ ಕಂಪನಿಗೂ ನಡುವಿನ ವ್ಯವಹಾರ. ನಿಮ್ಮ ವಾಸದ ಪರವಾನಗಿಗೂ ಇದಕ್ಕೂ ಸಂಬಂಧವೇ ಇಲ್ಲ.

ವಿಮಾನ ಪ್ರಯಾಣಿಕರ ಹಕ್ಕುಗಳ ಬಗೆಗಿನ ಐರೋಪ್ಯ ಒಕ್ಕೂಟದ 261/2004 ಸಂಖ್ಯೆಯ ನಿಯಮ 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ವಿಮಾನಕ್ಕೆ ಅದು ಅನ್ವಯಿಸುತ್ತದೆ. ಕಂಪನಿ ಯಾವ ದೇಶದ್ದು, ಪ್ರಯಾಣಿಕರ ಪೌರತ್ವ ಯಾವುದು, ನಿಲ್ದಾಣ ಎಷ್ಟು ದೊಡ್ಡದು ಎಂಬುದನ್ನು ಅದು ಕೇಳುವುದಿಲ್ಲ. ಮೂಲ ನಿಯಮದಲ್ಲಿ ಪರಿಹಾರದ ಹಣ ವಿಮಾನ ರದ್ದಾದವರಿಗೆ ಮತ್ತು ವಿಮಾನ ಹತ್ತಲು ಬಿಡದವರಿಗೆ ಮಾತ್ರ ಎಂಬಂತಿತ್ತು. 2009ರ ನವೆಂಬರ್‌ನಲ್ಲಿ ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯವು ಮೂರು ಗಂಟೆ ಅಥವಾ ಅದಕ್ಕಿಂತ ತಡವಾಗಿ ತಲುಪಿದವರಿಗೂ ಪರಿಹಾರ ಸಲ್ಲಬೇಕೆಂದು ತೀರ್ಪು ನೀಡಿತು. ಇಲ್ಲಿ ಲೆಕ್ಕಕ್ಕೆ ಬರುವುದು ತಲುಪಿದ ಹೊತ್ತೇ ಹೊರತು ಹೊರಟ ಹೊತ್ತಲ್ಲ. ಚಕ್ರ ನೆಲ ಮುಟ್ಟಿದರೂ ಸಾಲದು. ಪ್ರಯಾಣಿಕರು ಇಳಿಯಲು ವಿಮಾನದ ಒಂದು ಬಾಗಿಲಾದರೂ ತೆರೆದಿರಬೇಕು. ಎರಡು ಗಂಟೆ ಐವತ್ತೈದು ನಿಮಿಷ ತಡವಾಗಿ ನೆಲ ಮುಟ್ಟಿ, ಮೂರು ಗಂಟೆ ನಾಲ್ಕು ನಿಮಿಷ ತಡವಾಗಿ ಬಾಗಿಲು ತೆರೆದರೆ ಹಣ ನಿಮ್ಮದು. ಆದ್ದರಿಂದ ಬಾಗಿಲು ತೆರೆದ ಕೂಡಲೇ ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ, ಸಮಯ ತಾನಾಗಿ ದಾಖಲಾಗುತ್ತದೆ.

ಮೊತ್ತ ದೂರವನ್ನು ಅವಲಂಬಿಸಿದೆ, ಟಿಕೆಟ್ ಬೆಲೆಯನ್ನಲ್ಲ. 1500 ಕಿಲೋಮೀಟರ್‌ವರೆಗೆ 250 ಯೂರೋ, ಒಕ್ಕೂಟದ ಒಳಗೆ ಅದಕ್ಕಿಂತ ದೂರವಾದರೆ 400 ಯೂರೋ. ಸ್ಕಿಯಾಥೋಸ್‌ನಿಂದ ಮ್ಯೂನಿಕ್‌ಗೆ ನೇರ ಅಂತರ 1500ಕ್ಕಿಂತ ಕಡಿಮೆ, ಡಸೆಲ್ಡಾರ್ಫ್‌ಗೆ ಹೆಚ್ಚು. ಹಾಗಾಗಿ ಡಸೆಲ್ಡಾರ್ಫ್‌ಗೆ ಮರಳುವ ನಾಲ್ವರ ಕುಟುಂಬಕ್ಕೆ 1600 ಯೂರೋ ಸಿಗಬೇಕು. ಟಿಕೆಟ್ ಕೊಂಡ ಮಗುವಿಗೂ ದೊಡ್ಡವರಷ್ಟೇ ಹಣ.

ಚಿಕ್ಕ ನಿಲ್ದಾಣದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಕೌಂಟರಿನಲ್ಲಿ ಕುಳಿತವರು ಸಾಮಾನ್ಯವಾಗಿ ನಿಮ್ಮ ಕಂಪನಿಯ ನೌಕರರಲ್ಲ; ಹಲವು ಕಂಪನಿಗಳ ಪರವಾಗಿ ಕೆಲಸ ಮಾಡುವ ನೆಲಸೇವೆಯವರು. ಅವರೊಂದಿಗೆ ಜಗಳವಾಡಿ ಪ್ರಯೋಜನವಿಲ್ಲ, ಪರಿಹಾರದ ವಿಚಾರ ಅವರ ಕೈಯಲ್ಲಿಲ್ಲ. ಅವರನ್ನು ಕೇಳಬೇಕಾದದ್ದು ಎರಡೇ: ವಿಳಂಬಕ್ಕೆ ಏನು ಕಾರಣ, ಊಟ ನೀರು ಎಲ್ಲಿ. 1500 ಕಿಲೋಮೀಟರ್‌ವರೆಗಿನ ಹಾರಾಟ ಎರಡು ಗಂಟೆ, ಅದಕ್ಕಿಂತ ದೂರದ್ದು ಮೂರು ಗಂಟೆ ತಡವಾಗುವಂತಿದ್ದರೆ ಊಟ ಉಪಚಾರ ಕಂಪನಿಯ ಹೊಣೆ. ಹಾರಾಟ ಮರುದಿನಕ್ಕೆ ಹೋದರೆ ಹೋಟೆಲ್, ಅಲ್ಲಿಗೆ ಹೋಗಿಬರುವ ವ್ಯವಸ್ಥೆ ಕೂಡ. ವಿಳಂಬಕ್ಕೆ ಹವಾಮಾನವೇ ಕಾರಣವಾಗಿದ್ದರೂ ಈ ಹೊಣೆ ತಪ್ಪುವುದಿಲ್ಲ. ಯಾರೂ ಏನೂ ಕೊಡದಿದ್ದರೆ ಮಿತವಾಗಿ ಖರ್ಚು ಮಾಡಿ, ಪ್ರತಿ ರಸೀದಿಯನ್ನೂ ಇಟ್ಟುಕೊಳ್ಳಿ. ವಿಮಾನಗಳ ಹೊತ್ತು ತೋರಿಸುವ ಫಲಕದ ಚಿತ್ರ, ಕಂಪನಿ ಕಳಿಸಿದ ಸಂದೇಶ, ಕೌಂಟರಿನವರು ಹೇಳಿದ ಕಾರಣ ಮತ್ತು ಹೇಳಿದ ಹೊತ್ತು, ಎಲ್ಲವನ್ನೂ ಅಲ್ಲೇ ಬರೆದಿಡಿ. ಸಂಜೆಯ ವಿಮಾನ ಹೋದ ಮೇಲೆ ಆ ನಿಲ್ದಾಣದಲ್ಲಿ ವಿಚಾರಿಸಲು ಯಾರೂ ಸಿಗಲಿಕ್ಕಿಲ್ಲ.

ಮನೆಗೆ ಬಂದ ಮೇಲೆ ಕಂಪನಿಯ ಜಾಲತಾಣದ ನಮೂನೆಯಲ್ಲಿ ನೀವೇ ಅರ್ಜಿ ಹಾಕಿ. ಬೇಸಿಗೆಯ ದಟ್ಟಣೆಗಾಗಿ ಕಂಪನಿಗಳು ಬೇರೆಯವರ ವಿಮಾನವನ್ನು ಸಿಬ್ಬಂದಿ ಸಮೇತ ಬಾಡಿಗೆಗೆ ತರುವುದುಂಟು. ವಿಮಾನದ ಮೈಮೇಲೆ ಯಾವ ಹೆಸರಿದ್ದರೂ ಆಗ ಕೇಳಬೇಕಾದದ್ದು ಬಾಡಿಗೆಗೆ ಪಡೆದು ಹಾರಾಟ ನಡೆಸಿದ ಕಂಪನಿಯನ್ನು. ಪ್ಯಾಕೇಜ್ ಪ್ರವಾಸವಾದರೂ ಈ ಪರಿಹಾರದ ಅರ್ಜಿ ಪ್ರವಾಸ ಸಂಸ್ಥೆಗಲ್ಲ, ವಿಮಾನ ಕಂಪನಿಗೆ.

ಮೊದಲ ಉತ್ತರ ನಿರಾಕರಣೆಯಾಗಿದ್ದರೆ ಎದೆಗುಂದಬೇಡಿ, ಕಾರಣವನ್ನು ಗಮನವಿಟ್ಟು ಓದಿ. ಕಂಪನಿಯ ಕೈಮೀರಿದ ಅಸಾಧಾರಣ ಪರಿಸ್ಥಿತಿಯಿಂದ ತಡವಾಗಿದ್ದರೆ ಅದು ಪರಿಹಾರ ಕೊಡಬೇಕಿಲ್ಲ. ಆದರೆ ‘ಅಸಾಧಾರಣ ಪರಿಸ್ಥಿತಿ’ ಎಂದಷ್ಟೇ ಬರೆದಿದ್ದರೆ ಅದು ಉತ್ತರವಲ್ಲ. ಅದನ್ನು ಸಾಬೀತುಪಡಿಸುವ ಭಾರ ಕಂಪನಿಯದು. ವಾಯು ಸಂಚಾರ ನಿಯಂತ್ರಕರ ಮುಷ್ಕರ, ಹಾರಾಟ ಸಾಧ್ಯವಿಲ್ಲದಂಥ ಹವಾಮಾನ, ಹಕ್ಕಿ ಬಡಿದದ್ದು ನಿಜವಾದ ಅಸಾಧಾರಣ ಕಾರಣಗಳು. ಯಂತ್ರ ಕೆಟ್ಟದ್ದು ಸಾಮಾನ್ಯವಾಗಿ ಅಲ್ಲ. 2008ರಲ್ಲೇ ಐರೋಪ್ಯ ನ್ಯಾಯಾಲಯ ಹಾಗೆ ಹೇಳಿದೆ. ಸಂಬಳಕ್ಕಾಗಿ ಕಂಪನಿಯ ಸ್ವಂತ ಸಿಬ್ಬಂದಿ ಹೂಡಿದ ಮುಷ್ಕರವೂ ಅಲ್ಲ. ದ್ವೀಪದ ಹಾರಾಟಗಳಲ್ಲಿ ಹೆಚ್ಚಾಗಿ ಕೇಳಿಬರುವುದು ‘ಹಿಂದಿನ ಹಾರಾಟ ತಡವಾಯಿತು’ ಎಂಬ ಮಾತು. ಅದೇ ವಿಮಾನ ಬೆಳಿಗ್ಗೆಯಿಂದ ಊರೂರು ಸುತ್ತಿ ನಿಮ್ಮನ್ನು ಕರೆದೊಯ್ಯಲು ಬರುತ್ತದೆ. ಹಿಂದಿನ ಹಾರಾಟ ಏಕೆ ತಡವಾಯಿತು ಎಂದು ಮರಳಿ ಕೇಳಿ. ಅಲ್ಲಿಯೂ ಅಸಾಧಾರಣ ಕಾರಣವಿದ್ದು, ಅದರಿಂದಲೇ ನೇರವಾಗಿ ನಿಮ್ಮ ಹಾರಾಟ ತಡವಾಗಿದ್ದು, ಕೈಲಾದ ಕ್ರಮಗಳನ್ನೆಲ್ಲ ಕೈಗೊಂಡಿದ್ದರೆ ಮಾತ್ರ ಕಂಪನಿ ಪಾರಾಗುತ್ತದೆ. ನನ್ನ ಅನುಭವದಲ್ಲಿ ಈ ಒಂದು ಪ್ರಶ್ನೆಗೆ ಅನೇಕ ನಿರಾಕರಣೆಗಳು ನಿಲ್ಲುವುದಿಲ್ಲ.

ಹಣದ ಬದಲು ವೋಚರ್ ಕೊಡುತ್ತೇವೆಂದರೆ ಒಪ್ಪಲೇಬೇಕೆಂದಿಲ್ಲ. ನಿಮ್ಮ ಸಹಿ ಇರುವ ಒಪ್ಪಿಗೆಯಿಲ್ಲದೆ ಅದು ಸಲ್ಲದು. ಎರಡು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬರ್ಲಿನ್‌ನ ಶ್ಲಿಖ್ಟುಂಗ್ಸ್‌ಶ್ಟೆಲೆ ರೈಸೆ ಉಂಟ್ ಫೆರ್ಕೇರ್ ಎಂಬ ರಾಜಿ ಮಂಡಳಿಗೆ ಹೋಗಿ, ಪ್ರಯಾಣಿಕರಿಗೆ ಖರ್ಚಿಲ್ಲ. ಅಲ್ಲಿನ ಸದಸ್ಯರಲ್ಲದ ಕಂಪನಿಗಳ ವಿಷಯವನ್ನು ಬಾನ್‌ನ ಫೆಡರಲ್ ನ್ಯಾಯ ಕಚೇರಿ ನೋಡುತ್ತದೆ. ಪರಿಹಾರ ಕೊಡಿಸುವ ಖಾಸಗಿ ಸಂಸ್ಥೆಗಳು ಕೈಸೇರುವ ಹಣದಲ್ಲಿ ಕಾಲು ಭಾಗವನ್ನೋ ಇನ್ನೂ ಹೆಚ್ಚನ್ನೋ ಇಟ್ಟುಕೊಳ್ಳುತ್ತವೆ, ಅವನ್ನು ಕೊನೆಯಲ್ಲಿ ಯೋಚಿಸಿದರೆ ಸಾಕು. ನ್ಯಾಯಾಲಯಕ್ಕೇ ಹೋಗಬೇಕಾದರೂ ಗ್ರೀಸ್‌ಗೆ ಓಡಾಡಬೇಕಿಲ್ಲ. ಹೊರಟ ಸ್ಥಳದಂತೆಯೇ ಇಳಿದ ಸ್ಥಳದ ನ್ಯಾಯಾಲಯದಲ್ಲೂ ದಾವೆ ಹೂಡಬಹುದೆಂದು 2009ರಲ್ಲಿ ತೀರ್ಪಾಗಿದೆ. ಇಷ್ಟು ಮೊತ್ತಕ್ಕೆ ಆಮ್ಟ್ಸ್‌ಗೆರಿಷ್ಟ್ ಎಂಬ ಸ್ಥಳೀಯ ಕೆಳ ನ್ಯಾಯಾಲಯದಲ್ಲಿ ವಕೀಲರು ಕಡ್ಡಾಯವಲ್ಲ.

ಮೂರು ಗಂಟೆಯ ಮಿತಿಯನ್ನು ಹೆಚ್ಚಿಸಬೇಕೆಂದು ಸದಸ್ಯ ರಾಷ್ಟ್ರಗಳ ಸಾರಿಗೆ ಸಚಿವರು 2025ರ ಜೂನ್‌ನಲ್ಲಿ ನಿಲುವು ತಳೆದಿದ್ದಾರೆ. ಹಾಗಾಗಿ ಪ್ರಯಾಣದ ದಿನ ಜಾರಿಯಲ್ಲಿದ್ದ ನಿಯಮ ಯಾವುದೆಂದು ನೋಡಿಕೊಂಡು ಬರೆಯಿರಿ. ಜರ್ಮನ್ ಕಾನೂನಿನ ಪ್ರಕಾರ ವಿಳಂಬವಾದ ವರ್ಷದ ಕೊನೆಯಿಂದ ಮೂರು ವರ್ಷ ಕಾಲಾವಕಾಶವಿದೆ. 2025ರ ಜುಲೈನಲ್ಲಿ ತಡವಾಗಿ ಬಂದವರು 2028ರ ಡಿಸೆಂಬರ್ 31ರವರೆಗೆ ಕೇಳಬಹುದು. ಹಿಂದಿನ ಬೇಸಿಗೆಗಳ ಟಿಕೆಟ್ ನಿಮ್ಮ ಇಮೇಲ್‌ನಲ್ಲಿ ಇನ್ನೂ ಉಳಿದಿದ್ದರೆ ಈ ವಾರವೇ ತೆಗೆದು ನೋಡಿ.