ಲೇಸರ್‌ನಿಂದ ಶೀಟು ಬಗ್ಗಿಸುವುದು ಹೇಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದು ಮಾರ್ಕಿಂಗ್ ಕೆಲಸ. ಹೈಡ್ರಾಲಿಕ್ ಬಿಡಿಭಾಗಗಳ ಮೇಲೆ ನಂಬರ್ ಕೆತ್ತುವ 50 ವ್ಯಾಟ್ ಫೈಬರ್ ಲೇಸರ್ ಇದೆ. ಅದೇ ಮಷಿನ್ನಿನಲ್ಲಿ 0.2 ಮಿ.ಮೀ. ಶಿಮ್ ಶೀಟನ್ನು (ಸಂದಿಗೆ ಇಡುವ ತೆಳು ಲೋಹದ ಹಾಳೆ) ಡೈ, ಪಂಚ್ ಎಂಬ ಒತ್ತುವ ಅಚ್ಚುಗಳಿಲ್ಲದೆ ಬಗ್ಗಿಸಬಹುದು. ಪ್ರಾಜೆಕ್ಟಿಗೆ ಬರುವ ಇಂಜಿನಿಯರಿಂಗ್ ಹುಡುಗರು ಮೊದಲು ಕೇಳುವುದು, ಪವರ್ ಎಷ್ಟಿಡಬೇಕು ಅಂತ. ಶೀಟಿನ ಕೆಳಮೈ ತಣ್ಣಗಿದೆಯಾ ಅಂತ ಮೊದಲು ನೋಡಿ, ಅನ್ನುತ್ತೇನೆ.

ಯಾಕೆಂದರೆ ಬಗ್ಗಿಸುವುದು ಬರೀ ಬಿಸಿಯಲ್ಲ, ಮೇಲೆ-ಕೆಳಗಿನ ಬಿಸಿಯ ವ್ಯತ್ಯಾಸ. ಲೇಸರ್‌ನಿಂದ ಗೆರೆ ಎಳೆದಾಗ ಮೇಲ್ಪದರ ಕಾದು ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆ ಲೋಹ ಬಿಡುವುದಿಲ್ಲ. ಅದು ಅಲ್ಲೇ ಒತ್ತಿಕೊಂಡು ಕೊಂಚ ದಪ್ಪವಾಗುತ್ತದೆ. ಆರಿದ ಮೇಲೆ ಮೊದಲಿಗಿಂತ ಗಿಡ್ಡ. ಹಾಗಾಗಿ ಶೀಟು ಲೇಸರ್ ಕಡೆಗೇ ಎದ್ದು ಬರುತ್ತದೆ.

ಶೀಟಿನ ಒಂದು ಬದಿ ಕ್ಲ್ಯಾಂಪ್ ಮಾಡಿ, ಇನ್ನೊಂದು ಬದಿ ಬಿಡಿ. ಲೇಸರ್ ಹೆಡ್ ಸ್ವಲ್ಪ ಏರಿಸಿ ಫೋಕಸ್ ತಪ್ಪಿಸಿ. ಇಲ್ಲದಿದ್ದರೆ ಬಗ್ಗುವ ಬದಲು ಕೆತ್ತುತ್ತದೆ. ಶೀಟಿನ ಮೇಲೆ ಬೀಳುವ ಬೆಳಕಿನ ಬಿಂದುವಿನ ಅಗಲ ಶೀಟಿನ ದಪ್ಪದಷ್ಟಿದ್ದರೆ ಸಾಕು. ಮೇಲ್ಮೈ ಬಣ್ಣ ತಿರುಗಬಹುದು, ಕರಗಬಾರದು. ಒಂದು ಪಾಸಿಗೆ, ಅಂದರೆ ಗೆರೆಯ ಮೇಲೆ ಒಂದು ಸಲ ಲೇಸರ್ ಓಡಿಸಿದರೆ, ಹೆಚ್ಚೆಂದರೆ 1-2 ಡಿಗ್ರಿ ಬಗ್ಗುತ್ತದೆ, ಆಮೇಲಾಮೇಲೆ ಇನ್ನೂ ಕಡಿಮೆ. ಪ್ರತಿ ಪಾಸಿನ ನಂತರ ಆರಲು ಬಿಡಿ. ಅವಸರ ಮಾಡಿದರೆ ಕೆಳಮೈಯೂ ಕಾದು ಬಾಗು ನಿಂತುಬಿಡುತ್ತದೆ. ಬಿಂದು ತುಂಬಾ ಅಗಲವಾಗಿ, ವೇಗವೂ ಕಡಿಮೆಯಾದರೆ ತೆಳು ಶೀಟು ಉಬ್ಬಿ ಉಲ್ಟಾ ಕಡೆಗೂ ಹೋಗಬಹುದು. ಒಂದು ಪಾಸ್ ಎಡದಿಂದ, ಮುಂದಿನದು ಬಲದಿಂದ ಕೊಡಿ. ಎರಡೂ ಅಂಚಿನ ಕೋನ ಹೆಚ್ಚುಕಡಿಮೆ ಸಮ ಬರುತ್ತದೆ.

ಕಲಿಯಲು ಎಸ್‌ಎಸ್ 304 (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಒಳ್ಳೆಯದು. ಎಂಎಸ್‌ಗೆ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಹೋಲಿಸಿದರೆ ಅದು ಶಾಖವನ್ನು ಮೂರನೇ ಒಂದು ಭಾಗದಷ್ಟೇ ಸಾಗಿಸುತ್ತದೆ, ಹಿಗ್ಗುವುದು ಮಾತ್ರ ಜಾಸ್ತಿ. ಬಿಸಿ ಮೇಲೆಯೇ ನಿಲ್ಲುತ್ತದೆ, ಬಾಗು ಚೆನ್ನಾಗಿ ಬರುತ್ತದೆ. ಆದರೆ ಆರುವುದಕ್ಕೂ ಹೊತ್ತು ಬೇಕು, ಕಾಯಲೇಬೇಕು. ಎಂಎಸ್ ಕೂಡ ಮಾತು ಕೇಳುತ್ತದೆ, ಪಾಸ್ ಜಾಸ್ತಿ ಅಷ್ಟೇ. ಟೈಟಾನಿಯಂ ಶಾಖ ಹಿಡಿದಿಡುವುದರಲ್ಲಿ ಎಸ್‌ಎಸ್ ಥರವೇ, ಆದರೆ ಬಿಸಿಯಲ್ಲಿ ಗಾಳಿ ತಾಗಿದರೆ ಕೆಡುತ್ತದೆ, ಗಾಳಿ ತಾಗದಂತೆ ಆರ್ಗಾನ್ ಅನಿಲ ಬೇಕು. ಸ್ಪ್ರಿಂಗ್ ಸ್ಟೀಲ್ ಬಗ್ಗುತ್ತದೆ, ಆದರೆ ಗೆರೆಯ ಜಾಗದಲ್ಲಿ ಅದರ ಹದ ಹೋಗುತ್ತದೆ.

ಅಲ್ಯೂಮಿನಿಯಂ ಕಷ್ಟ. ಬೆಳಕನ್ನು ವಾಪಸ್ ಎಸೆಯುತ್ತದೆ, ಹೀರಿದ ಬಿಸಿ ಕ್ಷಣದಲ್ಲಿ ಕೆಳಗಿಳಿಯುತ್ತದೆ, 660 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಗ್ರಾಫೈಟ್ ಸ್ಪ್ರೇ ಹೊಡೆದರೆ ಬೆಳಕು ಹಿಡಿಯುತ್ತದೆ. ಪವರ್ ಏರಿಸಿ, ವೇಗವನ್ನೂ ಏರಿಸಿ. ತಾಮ್ರ ಇನ್ನೂ ಹಟಮಾರಿ. ಚಿಕ್ಕ ಮಷಿನ್ನಿನಲ್ಲಿ ಅದಕ್ಕೆ ಕೈ ಹಾಕಬೇಡಿ.

ಈ ಹೊಳೆಯುವ ಲೋಹಗಳಿಂದ ಚಿಮ್ಮುವ 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನೇ ಸುಡುತ್ತದೆ. ಆ ನಂಬರ್ ಬರೆದಿರುವ ಕನ್ನಡಕವನ್ನೇ ಹಾಕಿ. ವೆಲ್ಡಿಂಗ್ ಗ್ಲಾಸು ನಡೆಯುವುದಿಲ್ಲ. ಜಿಐ ಶೀಟು (ಸತು ಲೇಪಿಸಿದ ಉಕ್ಕು) ಬೇಡವೇ ಬೇಡ. ಸತು 907 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ, ಉಸಿರಿಗೆ ಹೋದರೆ ಚಳಿಜ್ವರ ಬರುತ್ತದೆ. ಹಿತ್ತಾಳೆಯಲ್ಲೂ ಸತು ಇದೆ. ಬೇರೆ ಯಾವ ಲೋಹವಾದರೂ ಹೊಗೆ ಎಳೆಯುವ ಫ್ಯಾನು ಹಾಕಿಯೇ ಕೆಲಸ ಶುರು ಮಾಡಿ.