ಗಾಳಿಮಳೆಗೆ ಕಂಗು ಬಿದ್ದರೆ: ಕಾಸರಗೋಡಿನ ಕೃಷಿಕರು ನಷ್ಟಪರಿಹಾರಕ್ಕೆ ಅರ್ಜಿ ಸಲ್ಲಿಸುವ ಬಗೆ

ತೋಟದಲ್ಲಿ ಕಂಗು (ಅಡಿಕೆ ಮರ), ತೆಂಗು, ಬಾಳೆ ಬಿದ್ದೊಡನೆ ಅವನ್ನು ಕಡಿದು ದಾರಿ ಬಿಡಿಸಲು ಹೊರಡುವುದು ಸಹಜವೇ ಆದರೂ, ಪರಿಹಾರ ಬೇಕೆನ್ನುವವರು ಅದಕ್ಕೂ ಮೊದಲು ಚಿತ್ರ ತೆಗೆಯಬೇಕು. ಒಂದು ಕಂಗು ಬೀಳುವಾಗ ಪಕ್ಕದ್ದನ್ನೂ ಎಳೆದುಕೊಂಡು ಬೀಳುವುದರಿಂದ, ರಾಶಿಯ ಒಂದೇ ಚಿತ್ರದಲ್ಲಿ ಎಣಿಕೆ ಸಿಗುವುದಿಲ್ಲ. ಪ್ರತಿಯೊಂದರ ಬುಡಕ್ಕೂ ಸುಣ್ಣದಲ್ಲಿ ಕ್ರಮಸಂಖ್ಯೆ ಬರೆದು, ಬುಡವೂ ಮುರಿದ ಜಾಗವೂ ಕಾಣುವಂತೆ, ಸಾಧ್ಯವಾದರೆ ಹಿಂದೆ ಪಂಪ್‌ಶೆಡ್ಡೋ ಕೆರೆಯ ದಂಡೆಯೋ ಸೇರುವಂತೆ ಚಿತ್ರ ತೆಗೆದಿಟ್ಟರೆ ಮುಂದೆ ಯಾರೂ ಪ್ರಶ್ನಿಸಲಾರರು. ಫಲ ಬಿಡುವ ಮರಗಳನ್ನೂ ಎಳೆಯ ಸಸಿಗಳನ್ನೂ ಬೇರೆ ಬೇರೆಯಾಗಿ ಲೆಕ್ಕವಿಡಬೇಕು. ದಾರಿಗೆ, ವಿದ್ಯುತ್ ತಂತಿಗೆ ಅಡ್ಡವಾದವನ್ನಷ್ಟೇ ತೆರವುಗೊಳಿಸಿ, ಉಳಿದವನ್ನು ಕೃಷಿ ಭವನದವರು (ಸ್ಥಳೀಯ ಕೃಷಿ ಕಚೇರಿಯವರು) ಬಂದು ನೋಡುವ ತನಕ ಹಾಗೆಯೇ ಬಿಡುವುದು ಒಳ್ಳೆಯದು.

ಅರ್ಜಿಯನ್ನು ಕೇರಳ ಕೃಷಿ ಇಲಾಖೆಯ 'ಏಮ್ಸ್' (AIMS) ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ಸ್ವತಃ ಅಥವಾ ಸರಕಾರಿ ಆನ್‌ಲೈನ್ ಸೇವೆ ಒದಗಿಸುವ ಅಕ್ಷಯ ಕೇಂದ್ರದ ಮೂಲಕ ಸಲ್ಲಿಸಬೇಕು. ನಷ್ಟವಾದಂದಿನಿಂದ ರಾಜ್ಯದ ಬೆಳೆವಿಮೆ ಮಾಡಿಸಿದವರಿಗೆ 15 ದಿನ, ಮಾಡಿಸದವರಿಗೆ 10 ದಿನಗಳ ಅವಧಿ ಇದೆ. ಆಧಾರ್, ಬ್ಯಾಂಕಿನ ಪಾಸ್‌ಬುಕ್, ಆ ವರ್ಷದ ತೀರ್ವೆ (ಭೂಕಂದಾಯ) ರಶೀದಿ ಮತ್ತು ಚಿತ್ರಗಳು ಕೈಯಲ್ಲಿರಲಿ.

ನನ್ನ ಅಭಿಪ್ರಾಯದಲ್ಲಿ ನಮ್ಮ ಭಾಗದವರಿಗೆ ತೊಡಕಾಗುವುದು ಹೆಸರಿನಲ್ಲಿ. ಕನ್ನಡದ ಹೆಸರು ಗ್ರಾಮ ಕಚೇರಿಯಲ್ಲಿ ಮಲಯಾಳದಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ, ಬ್ಯಾಂಕಿನಲ್ಲಿ ಮನೆಹೆಸರಿನ ಅಕ್ಷರದೊಂದಿಗೆ ಮತ್ತೊಂದು ರೀತಿ ಇರುವುದು ಅಪರೂಪವಲ್ಲ. ತೀರ್ವೆ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲೇ ಇದ್ದರಂತೂ ಮಳೆಗಾಲಕ್ಕೆ ಮೊದಲೇ ಪೋಕುವರವು (ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿಕೊಳ್ಳಬೇಕು; ಮರ ಬಿದ್ದ ಮೇಲೆ ಅದಕ್ಕೆ ಓಡಾಡಿದರೆ 10 ದಿನ ಸಾಲುವುದಿಲ್ಲ.

ಮೊತ್ತದ ಬಗ್ಗೆ ಹೆಚ್ಚಿನ ನಿರೀಕ್ಷೆ ಬೇಡ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದಂತೆ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ, ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ; ಅದೂ ನಷ್ಟ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ, 2 ಹೆಕ್ಟೇರಿನ ಮಿತಿಯಲ್ಲಿ. ನಮ್ಮ ಅಳತೆಗೆ ತಂದರೆ ಅಡಿಕೆ ತೋಟದ ಒಂದು ಸೆಂಟ್ಸಿಗೆ ಸುಮಾರು 91 ರೂಪಾಯಿ ಆಗುತ್ತದೆ. ಆದುದರಿಂದಲೇ ಮರಗಳಿಗೆ ರಾಜ್ಯದ ಬೆಳೆವಿಮೆಯನ್ನೂ ಮಾಡಿಸಿಡುವುದು ಲೇಸು.

ಹವಾಮಾನ ಆಧಾರಿತ ಬೆಳೆವಿಮೆ ಬೇರೆಯೇ ವ್ಯವಸ್ಥೆ. ಅದರಲ್ಲಿ ಮಳೆಯ ಪ್ರಮಾಣಕ್ಕೆ ಸಂಬಂಧಿಸಿದ ಪರಿಹಾರವು ಮಾಪನ ಕೇಂದ್ರದ ಅಂಕಿಅಂಶದ ಮೇಲೆ ನಿರ್ಧಾರವಾಗುವುದರಿಂದ, ಕೊಳೆರೋಗಕ್ಕೆ ಅಡಿಕೆ ಉದುರಿದೆ ಎಂದು ತೋರಿಸಿ ಪ್ರಯೋಜನವಿಲ್ಲ; ಗಾಳಿ, ನೆರೆಯಿಂದಾದ ಬಿಡಿ ನಷ್ಟವನ್ನಾದರೆ 72 ಗಂಟೆಗಳೊಳಗೆ ತಿಳಿಸಬೇಕು.

ಮಲಯಾಳ ಓದಲು ಬಾರದವರು ಕಚೇರಿಗೆ ಕೊಡುವ ಮನವಿ, ಆಕ್ಷೇಪಗಳನ್ನು ಕನ್ನಡದಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳು ಕನ್ನಡದಲ್ಲೇ ಉತ್ತರಿಸಬೇಕೆಂದು ಕೇರಳದ ರಾಜಭಾಷಾ ಕಾನೂನು ಹೇಳುತ್ತದೆ. ಅರ್ಜಿಯ ಸಂಖ್ಯೆಯನ್ನು ಅಕ್ಷಯ ಕೇಂದ್ರದಿಂದ ತಪ್ಪದೆ ಬರೆಸಿಕೊಂಡು ಬನ್ನಿ. ಮುಂದಿನ ವಿಚಾರಣೆಗೆಲ್ಲ ಅದನ್ನೇ ಕೇಳುತ್ತಾರೆ.