ರೆಸಿನ್ ಕೈಗೆ ಮೆತ್ತಿದರೆ: ಮೊದಲು ಒರೆಸಿ, ಆಮೇಲೆ ಎಣ್ಣೆ, ಕೊನೆಗೆ ಸೋಪು

ಮೈಸೂರಿನ ಹೆಬ್ಬಾಳದಲ್ಲಾಗಲಿ, ಮಂಡ್ಯ ಹತ್ತಿರದ ತೂಬಿನಕೆರೆಯಲ್ಲಾಗಲಿ, ಗ್ಲಾಸಿನ ನಾರಿಗೆ ರೆಸಿನ್ ಎಂಬ ಅಂಟುದ್ರವ ಹಚ್ಚಿ ಫೈಬರ್ ಕೆಲಸ ಮಾಡುವವರ ಕೈಗೆ ಅದು ಮೆತ್ತಿದರೆ ಆ ಕೈ ನೇರವಾಗಿ ಹೋಗುವುದು ಅಸಿಟೋನ್ ಡಬ್ಬಿಗೆ. ಬ್ರಷ್ ತೊಳೆಯಲು ಇಟ್ಟ ಅದೇ ಡಬ್ಬಿ. ಎರಡು ಸಲ ಉಜ್ಜಿದರೆ ಅಂಟು ಮಾಯವಾದಂತೆ ಕಾಣುತ್ತದೆ. ನಿಜವಾಗಿ ಆಗಿರುವುದು ಬೇರೆ: ಒಂದು ಕಡೆ ಇದ್ದ ರೆಸಿನ್ ತೆಳ್ಳಗಾಗಿ ಇಡೀ ಅಂಗೈಗೆ ಹರಡಿದೆ. ಅಸಿಟೋನ್ ಕ್ಷಣದಲ್ಲಿ ಆವಿಯಾಗುತ್ತದೆ, ಹೋಗುವಾಗ ಚರ್ಮದ ಜಿಡ್ಡನ್ನೂ ಎಳೆದುಕೊಂಡು ಹೋಗುತ್ತದೆ. ಉಳಿಯುವುದು ಬಿರಿದ ಒಣ ಚರ್ಮ, ಅದರ ಮೇಲೆ ರೆಸಿನ್ ಪೊರೆ. ಥಿನ್ನರ್, ಪೆಟ್ರೋಲ್, ಸೀಮೆಎಣ್ಣೆಯೂ ಚರ್ಮಕ್ಕೆ ಒಳ್ಳೆಯದಲ್ಲ. ಪಕ್ಕದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಅಪಾಯ ಚರ್ಮಕ್ಕಷ್ಟೇ ಅಲ್ಲ.

ಗಾಬರಿಯಾಗಬೇಕಿಲ್ಲ, ಸಮಯವಿದೆ. ಪಾಲಿಯೆಸ್ಟರ್ ಬಗೆಯ ರೆಸಿನ್‌ಗೆ ಸಾಮಾನ್ಯವಾಗಿ ಕೆಜಿಗೆ 10ರಿಂದ 20 ಗ್ರಾಂ ಹಾರ್ಡನರ್, ಅಂದರೆ ಅದನ್ನು ಗಟ್ಟಿಯಾಗಿಸುವ ದ್ರವ, ಹಾಕುತ್ತಾರೆ. ಮಗ್ಗಿನಲ್ಲಿ ಅದು ತನ್ನದೇ ಬಿಸಿಗೆ ಪಾಕ ಬಂದ ಬೆಲ್ಲದಂತೆ ಬೇಗ ಗಟ್ಟಿಯಾಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಬೇಗ. ಆದರೆ ಕೈ ಮೇಲಿನ ತೆಳು ಪದರಕ್ಕೆ ಅಷ್ಟು ಬಿಸಿ ಹುಟ್ಟುವುದಿಲ್ಲ. ಜೊತೆಗೆ, ಗಾಳಿ ತಾಕುವ ಮೇಲ್ಮೈಯಲ್ಲಿ ಪಾಲಿಯೆಸ್ಟರ್ ಪೂರ್ತಿ ಗಟ್ಟಿಯಾಗುವುದೂ ಇಲ್ಲ. ಗಂಟೆ ಕಳೆದರೂ ಕೈ ಜಿಗುಟು ಜಿಗುಟು ಅನ್ನುವುದು ಇದರಿಂದಲೇ.

ಮೊದಲು ಒಣದಾಗಿಯೇ ತೆಗೆಯಿರಿ, ನೀರು ಮುಟ್ಟಿಸಬೇಡಿ. ಐಸ್‌ಕ್ರೀಂ ಕಡ್ಡಿ ಅಥವಾ ಗಟ್ಟಿ ರಟ್ಟಿನ ಅಂಚಿನಿಂದ ದಪ್ಪಗಿರುವುದನ್ನು ಎತ್ತಿ, ಉಳಿದದ್ದನ್ನು ಹಳೇ ಬನಿಯನ್ ಬಟ್ಟೆಯಿಂದ ಒರೆಸಿ. ಒಂದೇ ದಿಕ್ಕಿಗೆ ಒರೆಸಬೇಕು, ಪ್ರತಿ ಸಲವೂ ಬಟ್ಟೆಯ ಹೊಸ ಭಾಗ. ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲೇ ಮುಗಿಯುತ್ತದೆ. ಬಹಳ ಜನ ಬಿಟ್ಟುಬಿಡುವುದೂ ಈ ಹಂತವನ್ನೇ.

ಆಮೇಲೆ ಎರಡು ಚಮಚ ಕೊಬ್ಬರಿ ಎಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಸುರಿದುಕೊಂಡು ಎರಡು ಮೂರು ನಿಮಿಷ ತಿಕ್ಕಿ. ಉಗುರಿನ ಸಂದಿಗೂ ಇಳಿಯಲಿ. ಮೆಕ್ಯಾನಿಕ್‌ಗಳು ಬಳಸುವ, ನೀರು ಬೇಡದ ಹ್ಯಾಂಡ್ ಕ್ಲೀನರ್ ಇದ್ದರೆ ಅದೂ ಆದೀತು. ಅಂಟು ಸಡಿಲಗೊಂಡು ಎಣ್ಣೆ ಮಂಕಾದಾಗ ಒರೆಸಿ ಹಾಕಿ, ಇನ್ನೊಮ್ಮೆ ಹಚ್ಚಿ. ಎರಡನೇ ಸಲ ಒಂದು ಹಿಡಿ ಕಡಲೆಹಿಟ್ಟು ಉದುರಿಸಿ ತಿಕ್ಕಿದರೆ ಎಣ್ಣೆ, ರೆಸಿನ್ ಎರಡನ್ನೂ ಹೀರಿಕೊಂಡು ಉಂಡೆಯಾಗಿ ಬರುತ್ತದೆ. ಮರಳು, ಸ್ಟೀಲ್ ನಾರು ಬೇಡ. ತರಚಿದ ಚರ್ಮದ ಮೇಲೆ ರೆಸಿನ್ ಇನ್ನೂ ಉರಿಯುತ್ತದೆ. ಕೊನೆಗೆ ಉಗುರುಬೆಚ್ಚಗಿನ ನೀರು, ಸೋಪು. ಬೋರ್‌ವೆಲ್ ನೀರು ಗಡಸಾಗಿದ್ದರೆ ನೊರೆ ಬರುವುದು ಕಷ್ಟ, ಆಗ ನಲ್ಲಿಯ ಕಾವೇರಿ ನೀರು ಅಥವಾ ಲಿಕ್ವಿಡ್ ಸೋಪು ಬಳಸಿ. ಕೈ ಒರೆಸಿಕೊಂಡು ವ್ಯಾಸಲಿನ್ ಹಚ್ಚುವುದನ್ನು ಮರೆಯಬೇಡಿ.

ಹಲಸಿನಹಣ್ಣು ಬಿಡಿಸುವಾಗ ಮೊದಲೇ ಕೈಗೆ ಎಣ್ಣೆ ಹಚ್ಚುತ್ತೇವಲ್ಲ, ಇಲ್ಲೂ ಹಾಗೇ ಮಾಡಿದರಾಯಿತು ಅನ್ನಿಸುತ್ತದೆ. ಬೇಡ. ಕೈಯ ಎಣ್ಣೆ ಗ್ಲಾಸಿನ ನಾರಿನ ಹಾಸಿಗೋ (ಗ್ಲಾಸ್ ಮ್ಯಾಟ್) ಅಚ್ಚಿಗೋ ತಾಗಿದರೆ ಅಲ್ಲಿ ಪದರ ಹಿಡಿಯುವುದಿಲ್ಲ, ಮುಂದೆ ಬಿಟ್ಟುಕೊಳ್ಳುತ್ತದೆ. ಕೆಲಸಕ್ಕೆ ಮುಂಚೆ ನೈಟ್ರೈಲ್ ಗ್ಲೌಸ್, ಒಂದರ ಮೇಲೊಂದು ಎರಡು ಜೊತೆ. ಮೇಲಿನದು ಅಂಟಾದ ತಕ್ಷಣ ಬದಲಿಸಿ. ಉಂಗುರ, ಕೈಗಡಿಯಾರ ತೆಗೆದಿಡಿ. ಎಣ್ಣೆ ಏನಿದ್ದರೂ ಕೆಲಸ ಮುಗಿದ ಮೇಲೆ.

ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್‌ನ ಕಥೆ ಸ್ವಲ್ಪ ಬೇರೆ. ಅದರ ಹಾರ್ಡನರ್ ಸಾಮಾನ್ಯವಾಗಿ ಅಮೈನ್ ಎಂಬ ಕ್ಷಾರದ ಜಾತಿಯದು. ಹಸಿ ಇರುವಾಗ ಬಟ್ಟೆಯನ್ನು ಅಡುಗೆ ವಿನೆಗರ್‌ನಲ್ಲಿ ಅದ್ದಿ ಒರೆಸಿದರೆ ಸಡಿಲವಾಗುತ್ತದೆ, ತಕ್ಷಣ ಸೋಪಿನಿಂದ ತೊಳೆಯಬೇಕು. ಗಾಯವಿದ್ದ ಕಡೆ, ಕಣ್ಣಿನ ಹತ್ತಿರ ವಿನೆಗರ್ ಬೇಡ. ಎಪಾಕ್ಸಿ ಮತ್ತೆ ಮತ್ತೆ ಮೈಗೆ ತಾಗಿದರೆ ಅಲರ್ಜಿ ಹುಟ್ಟಬಹುದು, ಒಮ್ಮೆ ಬಂತೆಂದರೆ ಆಮೇಲೆ ಚೂರು ತಾಗಿದರೂ ದದ್ದು ಏಳುತ್ತದೆ. ಕೈ ಕೆಂಪಾಗಿ ತುರಿಕೆ ಇಳಿಯದಿದ್ದರೆ ಆ ಕೆಲಸ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ.

ಪೂರ್ತಿ ಗಟ್ಟಿಯಾದದ್ದನ್ನು ಬ್ಲೇಡಿನಿಂದ ಕೆರೆಯಲು ಹೋಗಬೇಡಿ. ಬೆಚ್ಚಗಿನ ಸೋಪು ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಎಣ್ಣೆ ಹಚ್ಚಿ, ಅಂಚು ಎದ್ದಷ್ಟನ್ನೇ ತೆಗೆಯಿರಿ. ಉಳಿದದ್ದು ಕೆಲವು ದಿನಗಳಲ್ಲಿ ಸತ್ತ ಚರ್ಮದ ಜೊತೆ ತಾನೇ ಉದುರುತ್ತದೆ. ಕೂದಲಿಗೆ ಹಿಡಿದಿದ್ದರೆ ಕತ್ತರಿಯೇ ಗತಿ.

ಗ್ಲಾಸಿನ ನಾರು ಚುಚ್ಚಿದ್ದರೆ ಕ್ರಮ ತಿರುಗುತ್ತದೆ. ಒರೆಸಬೇಡಿ, ತುರಿಸಬೇಡಿ, ಏರ್ ಗನ್ನಿನಿಂದ ಊದಬೇಡಿ. ಹರಿಯುವ ನೀರಿನಡಿ ಕೈ ಹಿಡಿಯಿರಿ. ಒಣಗಿದ ಮೇಲೆ ಸೆಲ್ಲೋಟೇಪ್ ಒತ್ತಿ ಎತ್ತಿದರೆ ಸಣ್ಣ ನಾರುಗಳು ಅಂಟಿಕೊಂಡು ಬರುತ್ತವೆ. ಆ ದಿನದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಹಾಕದೆ ಬೇರೆಯಾಗಿ ಒಗೆಯಿರಿ.

ಪಾಲಿಯೆಸ್ಟರ್‌ನ ನೀರಿನಂಥ ಹಾರ್ಡನರ್, ಅಂದರೆ ಎಂಇಕೆಪಿ, ಚರ್ಮವನ್ನೇ ಸುಡುತ್ತದೆ. ಅದಕ್ಕೆ ಎಣ್ಣೆಯಲ್ಲ, ಧಾರಾಳ ನೀರು ಬೇಕು. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಒಂದು ಕ್ಷಣವೂ ತಡಮಾಡದೆ ರೆಪ್ಪೆ ಅಗಲಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಹರಿಸಿ. ಆಮೇಲೆ ಮೈಸೂರಿನಲ್ಲಿದ್ದರೆ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿದ್ದರೆ ಮಿಮ್ಸ್. ಉರಿ ಕಡಿಮೆಯಾಯಿತೆಂದು ಮನೆಗೆ ಹೋಗಬೇಡಿ, ಹಾರ್ಡನರ್ ಬಾಟಲಿಯ ಲೇಬಲ್‌ನ ಫೋಟೊ ಜೊತೆಗಿರಲಿ.

ಕೈ ಒರೆಸಿದ ಬಟ್ಟೆಗಳನ್ನು ಮೂಲೆಗೆ ರಾಶಿ ಹಾಕಬೇಡಿ, ಹಾರ್ಡನರ್ ಹಿಡಿದ ಚಿಂದಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಅದನ್ನು ಶೆಡ್ಡಿನ ಹೊರಗೆ ಇಡಿ.